ಪರದೇಶದ ರಜಾದಿನ ಮತ್ತು ಹೇಳದೆ ಕೇಳದೆ ಹೊರಟ ತಿರುಗಾಟ

ಜುಲೈ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ದವಾಖಾನೆಗಳಿಗೆ ಗಲ್ಫ್‌ನಿಂದ ರಜೆಗೆ ಬಂದ ಕುಟುಂಬಗಳು ಬರತೊಡಗುತ್ತವೆ. ಅಲ್ಲಿ ಶಾಲೆಗಳಿಗೆ ಬೇಸಿಗೆ ರಜೆ, ಇಲ್ಲಿ ಜಡಿಮಳೆ. ಗಂಡಸರಿಗೆ ಸಕ್ಕರೆ, ರಕ್ತದೊತ್ತಡ, ಗ್ಯಾಸ್. ಹೆಂಗಸರಿಗೆ ಮೈಕೈ ನೋವು, ತಲೆನೋವು, ರಾತ್ರಿ ನಿದ್ದೆಯಿಲ್ಲ, ಹಗಲು ಮಂಪರು. ಮಕ್ಕಳಿಗೆ ಮಲಬದ್ಧತೆ, ಹಠ. ರಕ್ತಪರೀಕ್ಷೆಯ ಚೀಟಿ ನೋಡಿದರೆ, ವರ್ಷವಿಡೀ ಬಿಸಿಲು ಸುರಿಯುವ ನಾಡಿನಿಂದ ಬಂದವರಲ್ಲೇ ವಿಟಮಿನ್ ಡಿ ಕಡಿಮೆ! ಮನೆಯಿಂದ ಲಿಫ್ಟು, ಲಿಫ್ಟಿನಿಂದ ಕಾರು, ಕಾರಿನಿಂದ ಮಾಲು ಎಂದಾದರೆ ಮೈಗೆ ಬಿಸಿಲು ತಾಗುವುದು ಯಾವಾಗ? ಕಾರಿನ ಗಾಜು ದಾಟಿ ಬಂದ ಬಿಸಿಲು ಮೈಯನ್ನು ಕಾಯಿಸೀತೇ ಹೊರತು ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ನೆರವಾಗದು.

ನಾಡಿ ನೋಡುತ್ತಾ ನಾನು ಕೇಳುವ ಮೊದಲ ಪ್ರಶ್ನೆ, "ರಜಾದಿನ ಏನು ಮಾಡುತ್ತೀರಿ?" ಹೆಚ್ಚಿನವರ ಉತ್ತರ ಒಂದೇ. ತಡವಾಗಿ ಏಳುತ್ತೇವೆ, ಬಿರಿಯಾನಿ ಮಾಡುತ್ತೇವೆ, ಮಲಗುತ್ತೇವೆ, ಸಂಜೆ ಸಾಮಾನು ತರಲು ಮಾಲ್‌ಗೆ ಹೋಗುತ್ತೇವೆ, ಮತ್ತೆ ಮೊಬೈಲು. ರಜೆಯಂತೂ ಇದೆ. ಸೌದಿಯಲ್ಲಿ 2013ರಿಂದ ಶುಕ್ರವಾರ-ಶನಿವಾರ ವಾರದ ರಜೆ. ಯುಎಇಯಲ್ಲಿ ಸರಕಾರಿ ಕಚೇರಿಗಳಿಗೆ 2022ರ ಜನವರಿಯಿಂದ ಶುಕ್ರವಾರ ಅರ್ಧ ದಿನ, ಶನಿವಾರ-ಭಾನುವಾರ ಪೂರ್ತಿ ರಜೆ. ಶಾರ್ಜಾದಲ್ಲಿ ಮೂರು ದಿನ. ಅಂಗಡಿ, ಗ್ಯಾರೇಜು, ಹೋಟೆಲುಗಳಲ್ಲಿ ದುಡಿಯುವ ನಮ್ಮವರಿಗೆ ಮಾತ್ರ ಈಗಲೂ ಒಂದೇ ದಿನ ಸಿಕ್ಕರೆ ಪುಣ್ಯ. ಆ ಒಂದು ದಿನವೂ ನಾಲ್ಕು ಗೋಡೆಯೊಳಗೇ ಮುಗಿದುಹೋಗುತ್ತದೆ.

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಆರು ಅನಿವಾರ್ಯ ಕಾರಣಗಳನ್ನು ಹೇಳಿದ್ದಾರೆ. ಅಸ್‌ಬಾಬೆ ಸಿತ್ತಾ ಝರೂರಿಯಾ ಎಂದು ಅದರ ಹೆಸರು: ಗಾಳಿ, ಅನ್ನಪಾನ, ದೇಹದ ಚಲನೆ-ವಿಶ್ರಾಂತಿ, ಮನಸ್ಸಿನ ಚಲನೆ-ವಿಶ್ರಾಂತಿ, ನಿದ್ದೆ-ಎಚ್ಚರ, ದೇಹದಲ್ಲಿ ಉಳಿಯಬೇಕಾದ್ದು ಉಳಿದು ಹೋಗಬೇಕಾದ್ದು ಹೋಗುವುದು. ಪರದೇಶದಲ್ಲಿರುವ ನಮ್ಮವರು ಇದರಲ್ಲಿ ಅನ್ನಪಾನದ ಬಗ್ಗೆ ಮಾತ್ರ ಚಿಂತಿಸುತ್ತಾರೆ. ಎಣ್ಣೆ ಬಿಡಲೇ, ಅನ್ನ ಬಿಡಲೇ ಎಂದು ಕೇಳುತ್ತಾರೆ. ಆದರೆ ಪಟ್ಟಿಯಲ್ಲಿ ಮೊದಲು ಬರುವುದು ಗಾಳಿ. ಶಿರಸಿಯ ತೇವದ ಹವೆಯಲ್ಲಿ ಬೆಳೆದ ಮೈ ಎಸಿಯ ಒಣ ತಂಪಿನಲ್ಲಿ ಹಗಲು ರಾತ್ರಿ ಕಳೆದರೆ ಮೂಗು, ಗಂಟಲು, ಚರ್ಮ ಒಣಗದೆ ಇನ್ನೇನಾದೀತು?

ಮನಸ್ಸಿನ ಚಲನೆಯನ್ನು ಗಾಳಿ, ಅನ್ನದ ಸಾಲಿನಲ್ಲೇ ಇಟ್ಟದ್ದು ನಮ್ಮ ಹಕೀಮರ ಹೆಚ್ಚುಗಾರಿಕೆ ಎಂದು ನನ್ನ ಅಭಿಪ್ರಾಯ. ಸಿಟ್ಟು ಬಂದಾಗ ರೂಹ್ ಒಮ್ಮೆಲೇ ಹೊರಕ್ಕೆ ನುಗ್ಗುತ್ತದೆ, ಭಯದಲ್ಲಿ ಒಮ್ಮೆಲೇ ಒಳಕ್ಕೆ ಓಡುತ್ತದೆ, ದುಃಖದಲ್ಲಿ ಮೆಲ್ಲಮೆಲ್ಲನೆ ಒಳಕ್ಕೆ ಸರಿಯುತ್ತದೆ, ಸಂತೋಷದಲ್ಲಿ ಮೆಲ್ಲಮೆಲ್ಲನೆ ಹೊರಕ್ಕೆ ಹರಡುತ್ತದೆ ಎಂದು ಅವರು ವಿವರಿಸಿದರು. ಇಲ್ಲಿ ರೂಹ್ ಎಂದರೆ ಧರ್ಮಗ್ರಂಥದ ಆತ್ಮವಲ್ಲ, ದೇಹದಲ್ಲಿ ಸಂಚರಿಸುವ ಜೀವಶಕ್ತಿ. ಮಾತು ಹಳೆಯದಾದರೂ ಖುಷಿಯಾದವರ ಮುಖಕ್ಕೆ ಕಳೆ ಏರುವುದನ್ನು ಯಾರು ನೋಡಿಲ್ಲ?

ಸಿದ್ದಾಪುರ ತಾಲೂಕಿನ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಶಾರ್ಜಾದ ಒಂಬತ್ತನೆಯ ಮಹಡಿಯಲ್ಲಿ ವಾಸ, ಇಬ್ಬರು ಮಕ್ಕಳು, ಗಂಡನಿಗೆ ವಾರಕ್ಕೆ ಆರು ದಿನ ಕೆಲಸ. ಒಂದು ವರ್ಷ ರಜೆಗೆ ಬಂದಾಗ ಆಕೆ ನನ್ನೆದುರು ಕುಳಿತು ಮಾತಾಡಲಾರದೆ ಅತ್ತರು. ರೋಗವೆಂದು ಹೇಳುವಂಥದ್ದು ಏನೂ ಇರಲಿಲ್ಲ. ಮರು ವರ್ಷ ಬಂದಾಗ ಮಾತು ಬೇರೆಯಾಗಿತ್ತು. ಏನಾಯಿತೆಂದರೆ, ಒಂದು ಚಳಿಗಾಲದ ಶುಕ್ರವಾರ ಜುಮುಅ ಮುಗಿದ ಮೇಲೆ ಕಟ್ಟಡದ ಕರೆಂಟು ಹೋಯಿತು. ಲಿಫ್ಟಿಲ್ಲ, ನೀರಿಲ್ಲ, ಮಕ್ಕಳ ಗಲಾಟೆ. ಗಂಡ ಬೇಸತ್ತು "ನಡೆಯಿರಿ, ಎಲ್ಲಿಗಾದರೂ ಹೋಗೋಣ" ಎಂದರು. ಫ್ಲಾಸ್ಕಿನಲ್ಲಿದ್ದ ಚಹಾ, ಒಗ್ಗರಣೆ ಅವಲಕ್ಕಿ, ಒಂದು ಚಾಪೆ. ಒಂಬತ್ತು ಮಹಡಿ ಇಳಿದು ಕಾರು ಹತ್ತಿದರು. ಧೈದ್ ದಾಟಿ ಮಸಾಫಿಯ ರಸ್ತೆಯಲ್ಲಿ ಹಜರ್ ಬೆಟ್ಟಗಳು ಕಾಣತೊಡಗಿದಾಗ ಮಕ್ಕಳು ಸುಮ್ಮನಾದರಂತೆ. ಆ ದಾರಿಯಲ್ಲಿ ಶುಕ್ರವಾರದ ಸಂತೆ ಎಂಬ ಹೆಸರಿನ ಸಾಲಂಗಡಿಗಳಿವೆ, ಹೆಸರಿಗಷ್ಟೇ ಶುಕ್ರವಾರ, ವಾರವಿಡೀ ತೆರೆದಿರುತ್ತವೆ. ಜಮಖಾನೆ, ಹಣ್ಣು, ಮಣ್ಣಿನ ಪಾತ್ರೆ, ಗಿಡಗಳು. ಸುಟ್ಟ ಜೋಳದ ತೆನೆ ತಿಂದರು. ಕುಂಡದಲ್ಲಿದ್ದ ಒಂದು ಮಲ್ಲಿಗೆ ಗಿಡ ಕೊಂಡರು. ಮಗ್ರಿಬ್ ನಮಾಝನ್ನು ಬೆಟ್ಟದ ಬುಡದಲ್ಲಿ ಚಾಪೆ ಹಾಸಿ ಗಂಡ ಇಮಾಮರಾಗಿ ನಾಲ್ವರೂ ಮಾಡಿದರು. "ದಿಲ್ ಖುಲ್ ಗಯಾ ಸಾಬ್" ಎಂದರು ಆಕೆ. ಗಂಡ ನಗುವುದನ್ನು ಕಂಡು ಎಷ್ಟು ತಿಂಗಳಾಗಿತ್ತೋ ಎಂದೂ ಹೇಳಿದರು.

ಅಂದಿನಿಂದ ತಿಂಗಳಿಗೆ ಎರಡು ಸಲವಾದರೂ ಹೀಗೆ ಹೊರಡುತ್ತಾರಂತೆ. ವಿಟಮಿನ್ ಡಿ ಕೊರತೆ ನೀಗಿದ್ದು ಮಾತ್ರೆಯಿಂದಲೇ, ಅದನ್ನು ತಿರುಗಾಟದ ಲೆಕ್ಕಕ್ಕೆ ಬರೆಯಲಾರೆ. ಆದರೆ ನಿದ್ದೆ ಬಂತು, ತಲೆನೋವು ಕಡಿಮೆಯಾಯಿತು, ಮಕ್ಕಳ ಮೇಲೆ ರೇಗುವುದು ನಿಂತಿತು.

ಯೋಜನೆ ಹಾಕಿ ಹೋದರೆ ಇದು ಸಿಗುವುದಿಲ್ಲವೇ? ಸಿಗಬಹುದು. ಮುಂಗಾರಿನ ತಿಂಗಳುಗಳಲ್ಲಿ ಒಮಾನಿನ ಸಲಾಲಾ ಮಂಜು, ತುಂತುರು ಮಳೆಯಿಂದ ಹಸಿರಾಗುತ್ತದೆ. ಮಲೆನಾಡಿನವರು ಜೀವನದಲ್ಲಿ ಒಮ್ಮೆ ನೋಡಬೇಕಾದ್ದೇ. ಆದರೆ ದೂರದ ಪ್ರವಾಸಕ್ಕೆ ಮೂರು ದಿನ ಅಡುಗೆಯ ತಯಾರಿ, ಖರ್ಚಿನ ಜಗಳ, ಯಾರನ್ನು ಕರೆಯಬೇಕು ಬಿಡಬೇಕೆಂಬ ಮುಲಾಜು, ಫೋಟೋದಲ್ಲಿ ಕಂಡಂತೆ ಇಲ್ಲವೆಂಬ ನಿರಾಸೆ. ಇದರ ಭಾರವೆಲ್ಲ ಹೆಂಗಸಿನ ತಲೆಯ ಮೇಲೆ. ಹೇಳದೆ ಹೊರಟಾಗ ಯಾರಿಗೂ ಏನನ್ನೂ ನಿರೀಕ್ಷಿಸಲು ಸಮಯವೇ ಇರುವುದಿಲ್ಲ. ಊರಿನಲ್ಲಿ ನಾವು ಹಾಗೆಯೇ ಅಲ್ಲವೇ ಹೋಗುತ್ತಿದ್ದುದು? ಸಿದ್ದಾಪುರದವರು ಜೋಗಕ್ಕೆ, ಯಲ್ಲಾಪುರದವರು ಮಾಗೋಡಿಗೆ, ಶಿರಸಿಯವರು ಉಂಚಳ್ಳಿಗೆ ಎಂದಾದರೂ ಪಟ್ಟಿ ಬರೆದು ಹೋದದ್ದುಂಟೇ?

ವಿನೋದವು ದೀನಿಗೆ ವಿರುದ್ಧವೆಂದು ತಿಳಿದ ಹಿರಿಯರು ಕೆಲವು ಮನೆಗಳಲ್ಲಿದ್ದಾರೆ. ಪ್ರಯಾಣವೊಂದರಲ್ಲಿ ಪ್ರವಾದಿ(ಸ)ರು ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದು, ಮೊದಲ ಸಲ ಆಯಿಶಾ(ರ) ಗೆದ್ದದ್ದು, ಮುಂದೊಮ್ಮೆ ಪ್ರವಾದಿ(ಸ)ರು ಗೆದ್ದದ್ದು ಹದೀಸ್‌ನಲ್ಲಿದೆ. ಅವರಿಗೆ ಇದನ್ನು ನೆನಪಿಸಿದರೆ ಸಾಕು.

ಯೋಜನೆಯಿಲ್ಲವೆಂದರೆ ಎಚ್ಚರವಿಲ್ಲವೆಂದಲ್ಲ. ಬೇಸಿಗೆಯಲ್ಲಿ ಅಸರ್‌ಗೆ ಮೊದಲು ಹೊರಡಬೇಡಿ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವುದನ್ನೇ ನಿಷೇಧಿಸಿದ್ದಾರೆ. ಕಾರಿನಲ್ಲಿ ನೀರು ಸದಾ ಇರಲಿ. ಮೋಡ ಕವಿದಿದ್ದರೆ ವಾದಿಗಳ, ಅಂದರೆ ಒಣ ಹಳ್ಳಗಳ, ಹತ್ತಿರ ಹೋಗಲೇಬೇಡಿ. ಎಲ್ಲೋ ಬೆಟ್ಟದ ಮೇಲೆ ಬಿದ್ದ ಮಳೆ ಕ್ಷಣದಲ್ಲಿ ಪ್ರವಾಹವಾಗಿ ಬರುತ್ತದೆ. ಮಳೆಗಾಲದ ಸಾತೊಡ್ಡಿಯ ಬಂಡೆಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ಸಕ್ಕರೆ ಕಾಯಿಲೆಯವರು ಮಾತ್ರೆ, ಒಂದು ಹಿಡಿ ಖರ್ಜೂರ ಜೊತೆಗಿಟ್ಟುಕೊಳ್ಳಿ, ಮರಳಿನ ಮೇಲೆ ಬರಿಗಾಲಿನಲ್ಲಿ ನಡೆಯಬೇಡಿ. ಕಾರು ಓಡಿಸುವವರು ಮೊದಲು ಒಂದು ಗಂಟೆ ಕೈಲೂಲ, ಅಂದರೆ ಮಧ್ಯಾಹ್ನದ ನಿದ್ದೆ ಮಾಡಲಿ.

ಕಾರಿಲ್ಲದವರು, ಕುಟುಂಬ ಊರಲ್ಲಿ ಬಿಟ್ಟು ಒಂದು ಕೋಣೆಯಲ್ಲಿ ಆರು ಜನ ಇರುವವರು ಏನು ಮಾಡಬೇಕು? ಅವರಿಗೇ ಇದು ಹೆಚ್ಚು ಬೇಕು. ದುಬೈಯಲ್ಲಿದ್ದರೆ ದೇರಾದಿಂದ ಬರ್‌ದುಬೈಗೆ ಕ್ರೀಕ್ ದಾಟುವ ಅಬ್ರಾ ದೋಣಿಗೆ ಒಂದೇ ದಿರ್ಹಂ. ಸುಮಾರು ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ ಅಲ್ ಕಾನೂನ್ ಗ್ರಂಥದಲ್ಲಿ ದೋಣಿಯಲ್ಲಿ ಕುಳಿತು ಸಾಗುವುದನ್ನೂ ಮೃದುವಾದ ವ್ಯಾಯಾಮಗಳಲ್ಲಿ ಸೇರಿಸಿದ್ದಾರೆ. ಮೊಬೈಲನ್ನು ಜೇಬಿನಲ್ಲಿಟ್ಟು, ಜೊತೆಗೊಬ್ಬ ಗೆಳೆಯನನ್ನು ಎಬ್ಬಿಸಿಕೊಂಡು, ಸಂಜೆ ಒಂದೆರಡು ಸಲ ಆಚೆ ಈಚೆ ದಾಟಿ ಬನ್ನಿ. ಊರಿಗೆ ಫೋನು ಮಾಡುವುದು ಆಮೇಲೆ ಇರಲಿ, ಆಗ ಹೇಳಲು ಏನಾದರೂ ಇರುತ್ತದೆ.