ಇಸ್ಪೀಟು ಉಂಟು, ಜೂಜಿಲ್ಲ

ಮಗ ಕಂಪ್ಯೂಟರ್ ಮುಂದೆ ಇಸ್ಪೀಟು ಎಲೆ ಜೋಡಿಸುತ್ತಿದ್ದರೆ ಹೆತ್ತವರಿಗೆ ದಿಗಿಲಾಗುವುದು ಸಹಜ. ಕೆನಡಾದ ತಂತ್ರಜ್ಞರೊಬ್ಬರು ಬಹುಮಟ್ಟಿಗೆ ಒಬ್ಬರೇ ರೂಪಿಸಿದ, 2024ರ ಫೆಬ್ರವರಿಯಲ್ಲಿ ಬಿಡುಗಡೆಯಾದ ‘ಬಲಾಟ್ರೊ’ ಅಂಥದೊಂದು ಆಟ. ವಿಡಿಯೋ ಆಟಗಳಿಗೆ ವಯೋಮಿತಿ ಗೊತ್ತುಪಡಿಸುವ ಯುರೋಪಿನ ‘ಪೆಗಿ’ ಸಂಸ್ಥೆಯೂ ಇದಕ್ಕೆ 18 ವರ್ಷದ ಮಿತಿ ಹಾಕಿತ್ತು. 2025ರ ಫೆಬ್ರವರಿಯಲ್ಲಿ ಅದನ್ನು 12ಕ್ಕೆ ಇಳಿಸಿತು.

ಇಲ್ಲಿ ಪಣಕ್ಕಿಡಲು ನಿಜವಾದ ಹಣವಿಲ್ಲ, ಇರುವುದು ಲೆಕ್ಕ. ಒಂದು ಜೋಡಿಗೆ 10 ಅಂಕ. ಎಂಟರ ಎರಡು ಎಲೆ ಕೂಡಿದರೆ 26. ಎರಡರಿಂದ ಗುಣಿಸಿದರೆ 52. ಜೋಕರ್ ಬಂದರೆ ಲೆಕ್ಕವೇ ಬದಲು. ಯೋಚಿಸಿದವನಿಗೇ ಗೆಲುವು ಹೆಚ್ಚು.

ಕೊರತೆಯೂ ಇದೆ. ಎಲೆ ಕೈಕೊಟ್ಟರೆ ಜಾಣನೂ ಸೋಲುತ್ತಾನೆ, ಮತ್ತೆ ಮೊದಲಿನಿಂದ ಆಡಬೇಕು. ‘ಇನ್ನೊಂದೇ ಆಟ’ ಎನ್ನುವಷ್ಟರಲ್ಲಿ ಓದುವ ಹೊತ್ತು ಕಳೆದಿರುತ್ತದೆ. ಹೆತ್ತವರು ಎಲೆ ಕಂಡು ಗದರುವುದಕ್ಕಿಂತ ಗಡಿಯಾರ ನೋಡಿ ಎಬ್ಬಿಸುವುದು ಮೇಲು.