ಜಗಲಿಯೇ ಚಿತ್ರಶಾಲೆಯಾದ ರಘುರಾಜಪುರ

ಒಡಿಶಾದ ಪುರಿಯಿಂದ ಭುವನೇಶ್ವರಕ್ಕೆ ಹೋಗುವ ಹೆದ್ದಾರಿಯಲ್ಲಿ ಚಂದನಪುರದ ಬಳಿ ಒಳದಾರಿ ಹಿಡಿದರೆ ತೆಂಗು, ತಾಳೆ, ಮಾವು, ಹಲಸಿನ ತೋಪುಗಳ ನಡುವೆ ರಘುರಾಜಪುರ ಸಿಗುತ್ತದೆ. ಪುರಿಯಿಂದ ಸುಮಾರು 14 ಕಿ.ಮೀ. ದೂರ, ಪಕ್ಕದಲ್ಲೇ ಭಾರ್ಗವಿ ನದಿ. ಪೂರ್ವ-ಪಶ್ಚಿಮವಾಗಿ ಚಾಚಿಕೊಂಡ ಊರಿನಲ್ಲಿ ಮನೆಗಳು ಎದುರುಬದುರಾಗಿ ಸಾಲುಗಟ್ಟಿವೆ. ನಡುವೆ ಸಣ್ಣ ಸಣ್ಣ ಗುಡಿಗಳು, ಅವುಗಳ ಜೊತೆಗೆ ಊರವರು ಕೂಡಿ ಭಾಗವತ ಕೇಳುವ ‘ಭಾಗವತ ತುಂಗಿ’. ಗೋಡೆಗಳ ತುಂಬ ಕೃಷ್ಣಲೀಲೆ, ರಾಮಾಯಣ, ಆನೆ, ನವಿಲು, ಹೂಬಳ್ಳಿ. ಬಂದವರ ಕಣ್ಣು ಮೊದಲು ಈ ಗೋಡೆಗಳಿಗೇ ಅಂಟಿಕೊಳ್ಳುತ್ತದೆ. ಊರಿನ ನಿಜವಾದ ಬಣ್ಣ ಇರುವುದು ಮಾತ್ರ ಜಗಲಿಗಳ ಮೇಲೆ, ಚಿತ್ರಕಾರರ ಮುಂದಿನ ತೆಂಗಿನ ಕರಟಗಳಲ್ಲಿ.

ಇಲ್ಲಿನ ಮುಖ್ಯ ಕಸುಬು ಪಟ್ಟಚಿತ್ರ, ಅಂದರೆ ಬಟ್ಟೆಯ ಮೇಲಿನ ಚಿತ್ರ. ಅದರ ಬೇರು ಪುರಿಯ ಜಗನ್ನಾಥ ದೇವಾಲಯದಲ್ಲಿದೆ. ನಮ್ಮಲ್ಲಿ ಕಾರಹುಣ್ಣಿಮೆ ಎನಿಸಿಕೊಳ್ಳುವ ಜ್ಯೇಷ್ಠದ ಹುಣ್ಣಿಮೆಯಂದು ಅಲ್ಲಿ ದೇವರಿಗೆ 108 ಕೊಡ ನೀರಿನ ಸ್ನಾನವಾಗುತ್ತದೆ. ಅದರಿಂದ ದೇವರಿಗೆ ಜ್ವರ ಬರುತ್ತದೆ ಎಂಬುದು ನಂಬಿಕೆ. ರಥಯಾತ್ರೆಗೆ ಮುಂಚಿನ ಆ ಹದಿನೈದು ದಿನ, ‘ಅಣಸರ’ದ ಅವಧಿಯಲ್ಲಿ, ಮೂಲಮೂರ್ತಿಗಳ ದರ್ಶನವಿಲ್ಲ, ಪಟದ ಮೇಲೆ ಬರೆದ ಮೂರು ಚಿತ್ರಗಳಿಗೇ ಪೂಜೆ. ಚಿತ್ರಕಾರರ ಮನೆತನಗಳು ತಲೆಮಾರುಗಳಿಂದ ಈ ಸೇವೆ ನಡೆಸಿಕೊಂಡು ಬಂದಿವೆ. ಯಾತ್ರಿಕರು ನೆನಪಿಗೆಂದು ಮನೆಗೆ ಒಯ್ಯುತ್ತಿದ್ದ ಸಣ್ಣ ಪಟಗಳೂ ಇವರ ಕೈಯಿಂದಲೇ ಹೊರಡುತ್ತಿದ್ದವು.

ಅಚ್ಚಿನ ಅಗ್ಗದ ದೇವರ ಪಟಗಳು ಬಂದಮೇಲೆ ಯಾತ್ರಿಕರ ವ್ಯಾಪಾರ ಕುಸಿಯಿತು. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಅನೇಕ ಚಿತ್ರಕಾರರು ಕುಂಚ ಕೆಳಗಿಟ್ಟು ಬೇಸಾಯಕ್ಕೆ, ಕೂಲಿಗೆ ಇಳಿದಿದ್ದರು. 1950ರ ದಶಕದಲ್ಲಿ ಒಡಿಶಾದಲ್ಲಿದ್ದ ಹೆಲಿನಾ ಝೀಲಿ ಎಂಬ ವಿದೇಶಿ ಮಹಿಳೆ ಈ ಕಲೆಗೆ ಮನಸೋತು, ಚಿತ್ರಕಾರರಿಗೆ ಸ್ಪರ್ಧೆ ಏರ್ಪಡಿಸಿ, ಹೊರಗಿನ ಕೊಳ್ಳುವವರನ್ನು ಹುಡುಕಿಕೊಟ್ಟರು. ಊರಿನ ಜಗನ್ನಾಥ ಮಹಾಪಾತ್ರರಂಥ ಹಿರಿಯರು ಕಿರಿಯರನ್ನು ಕೂರಿಸಿಕೊಂಡು ಕಲಿಸಿದರು. ಹೊರಗಿನ ನೆರವನ್ನಷ್ಟೇ ಹೊಗಳಿದರೆ ಅರ್ಧ ಸತ್ಯ ಹೇಳಿದಂತೆ. ಮಾರುಕಟ್ಟೆ ಕೈಬಿಟ್ಟ ದಿನಗಳಲ್ಲೂ ದೇವಾಲಯದ ಸೇವೆ ನಿಂತಿರಲಿಲ್ಲ. ಬಣ್ಣ ಅರೆಯುವ, ಗೆರೆ ಎಳೆಯುವ ವಿದ್ಯೆ ಮನೆಗಳಲ್ಲಿ ಉಳಿದೇ ಇತ್ತು. ಕೇಳುವವರು ಬಂದಾಗ ಬರೆಯುವ ಕೈ ಸಿದ್ಧವಿತ್ತು.

ಪಟ ಸಿದ್ಧಪಡಿಸುವುದೇ ಒಂದು ದೊಡ್ಡ ಕೆಲಸ. ಹಳೆಯ ಹತ್ತಿ ಬಟ್ಟೆಯ ಎರಡು ಪದರಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಅದೇ ಅಂಟಿನಲ್ಲಿ ಕಲಸಿದ ಸೀಮೆಸುಣ್ಣದ ಪುಡಿಯನ್ನು ಬಳಿದು ಬಿಸಿಲಿಗೆ ಒಣಗಿಸುತ್ತಾರೆ. ಮೊದಲು ಒರಟು ಕಲ್ಲಿನಿಂದ, ಆಮೇಲೆ ನುಣುಪು ಕಲ್ಲಿನಿಂದ ಉಜ್ಜಿದಾಗ ಬಟ್ಟೆ ತೊಗಲಿನಂತೆ ಗಟ್ಟಿಯಾಗಿ ಹೊಳೆಯುತ್ತದೆ. ಬಿಳಿಗೆ ಶಂಖದ ಪುಡಿ, ಕೆಂಪಿಗೆ ಇಂಗಳೀಕ, ಹಳದಿಗೆ ಅರಿದಾಳ, ಕಪ್ಪಿಗೆ ದೀಪದ ಮಸಿ. ಬಣ್ಣ ಹಿಡಿದು ನಿಲ್ಲಲು ಬೇಲದ ಮರದ ಅಂಟು. ನುರಿತವರು ಪೆನ್ಸಿಲ್ ಮುಟ್ಟದೆ ನೇರವಾಗಿ ಕುಂಚದಿಂದಲೇ ಬರೆಯುತ್ತಾರೆ. ಮೊದಲು ಅಂಚು, ನಂತರ ಮೈಬಣ್ಣ, ಉಡುಗೆ, ಒಡವೆ. ಕೊನೆಗೆ ಕೂದಲೆಳೆಯಂಥ ಕಪ್ಪು ಗೆರೆ. ದೊಡ್ಡ ಪಟವೊಂದು ತಿಂಗಳುಗಟ್ಟಲೆ ಕೂರಿಸುತ್ತದೆ.

ತಾಳೆಗರಿಯ ಕೆಲಸ ಇನ್ನೊಂದು ಬಗೆ. ಗರಿಗಳನ್ನು ದಾರದಿಂದ ಪೋಣಿಸಿ, ಕಬ್ಬಿಣದ ಮೊನೆಯಿಂದ ಕೊರೆದು, ಮಸಿ ಬಳಿದು ಒರೆಸಿದರೆ ಕೊರೆದ ಗೆರೆಗಳಲ್ಲಿ ಮಾತ್ರ ಕಪ್ಪು ಉಳಿಯುತ್ತದೆ. ಕಾಗದದ ಮುಖವಾಡ, ಮರದ ಗೊಂಬೆಗಳೂ ಇಲ್ಲಿ ತಯಾರಾಗುತ್ತವೆ. ಇಲ್ಲಿನ ದುಂಡಗಿನ ಗಂಜೀಫಾ ಆಟದ ಎಲೆಗಳನ್ನು ಕಂಡರೆ ಕನ್ನಡಿಗರಿಗೆ ಮೈಸೂರಿನ ಗಂಜೀಫಾ ನೆನಪಾಗದೆ ಇರದು.

ಕುಣಿತದಲ್ಲೂ ಊರಿಗೆ ಹೆಸರಿದೆ. ಹುಡುಗರು ಹೆಣ್ಣುವೇಷ ತೊಟ್ಟು ಆಡುವ ಗೋಟಿಪುಅ, ಇಂದಿನ ಒಡಿಸ್ಸಿ ನೃತ್ಯದ ತಾಯಿಬೇರುಗಳಲ್ಲೊಂದು. ಒಡಿಸ್ಸಿಯ ಮಹಾಗುರು ಕೇಲುಚರಣ ಮಹಾಪಾತ್ರ 1926ರಲ್ಲಿ ಹುಟ್ಟಿದ್ದು ಇಲ್ಲೇ, ಚಿತ್ರಕಾರರ ಮನೆಯಲ್ಲಿ. ಅವರ ಶಿಷ್ಯೆ ಪ್ರೋತಿಮಾ ಬೇಡಿ 1990ರಲ್ಲಿ ಬೆಂಗಳೂರಿನ ಹೆಸರಘಟ್ಟದ ಬಳಿ ನೃತ್ಯಗ್ರಾಮ ಕಟ್ಟಿದರು. ಹೀಗೆ ಈ ಪುಟ್ಟ ಊರಿನ ಹೆಜ್ಜೆ ಕರ್ನಾಟಕದಲ್ಲೂ ಮೂಡಿದೆ. ಗೋಟಿಪುಅ ಗುರು ಮಾಗುಣಿ ದಾಸ್ ಅವರಿಗೆ 2004ರಲ್ಲಿ ಪದ್ಮಶ್ರೀ ಸಂದಿತು.

ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಅಧ್ಯಯನದ ಬಳಿಕ 2000ದಲ್ಲಿ ರಘುರಾಜಪುರ ಪಾರಂಪರಿಕ ಗ್ರಾಮವೆನಿಸಿಕೊಂಡು ಪ್ರವಾಸಿಗರ ನಕ್ಷೆಗೆ ಸೇರಿತು. 2019ರ ಮೇ 3ರಂದು ಪುರಿಯ ಬಳಿ ಅಪ್ಪಳಿಸಿದ ಫನಿ ಚಂಡಮಾರುತ ಮರಗಳನ್ನು ಉರುಳಿಸಿತು, ಮಾಡು ಕಿತ್ತಿತು. ಮಾರಾಟಕ್ಕೆಂದು ಕೂಡಿಟ್ಟಿದ್ದ ಪಟಗಳು ನೀರುಪಾಲಾದವು. ವರ್ಷಗಳ ದುಡಿಮೆ ಹಾಗೆ ಒಂದೇ ದಿನದಲ್ಲಿ ತೊಳೆದುಹೋದದ್ದು ಚಿತ್ರಕಾರರಿಗೆ ಮನೆ ಕಳೆದುಕೊಂಡಷ್ಟೇ ದೊಡ್ಡ ಪೆಟ್ಟು. ಗೋಡೆಗಳಿಗೆ ಮತ್ತೆ ಬಣ್ಣ ಬಂದಿದೆ.

ಭೇಟಿಗೆ ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ತಂಪಿನ ದಿನಗಳು ಹಿತ. ಪುರಿಯಿಂದ ಬಂದು ಅರ್ಧ ದಿನದಲ್ಲಿ ಊರು ಸುತ್ತಬಹುದು. ಕೊಳ್ಳುವವರು ಜಗಲಿಯಲ್ಲಿ ಕುಳಿತು ಬರೆಯುವವರಿಂದಲೇ ಕೊಳ್ಳುವುದು ಒಳ್ಳೆಯದು. ಕಲ್ಲುಬಣ್ಣವೋ ಅಂಗಡಿಯ ಪೋಸ್ಟರ್ ಬಣ್ಣವೋ ಎಂದು ಕೇಳಿದರೆ, ಚಿತ್ರಕಾರರು ಬಣ್ಣದ ಕರಟವನ್ನೇ ಮುಂದಿಟ್ಟು ತೋರಿಸುತ್ತಾರೆ.