ತರಕಾರಿ ಬೀಜಕ್ಕೆ ಇಲಿಯ ಕಾಟ: ಮಳೆಗಾಲಕ್ಕೆ ಮುನ್ನ ಮಾಡಬೇಕಾದ ಕೆಲಸ

ಕಾಫಿ, ಅಡಿಕೆ ತೋಟವುಳ್ಳ ನಮ್ಮ ಮನೆಗಳಲ್ಲಿ ಹಿತ್ತಿಲ ತರಕಾರಿಗೆ ಬೇಕಾದ ಬೀಜವನ್ನು ಮನೆಯಲ್ಲಿಯೇ ತೆಗೆದಿಡುವುದು ಹಿಂದಿನಿಂದ ಬಂದ ಪದ್ಧತಿ. ಸೌತೆ, ಮಗೆ, ಹೀರೆ, ಹಾಗಲ, ಅಲಸಂದೆ ಇವುಗಳಲ್ಲಿ ಒಂದೊಂದು ಮನೆಗೂ ತನ್ನದೇ ಆದ ತಳಿ ಇರುವುದುಂಟು. ಪೇಟೆಯಲ್ಲಿ ದುಡ್ಡು ಕೊಟ್ಟರೂ ಅವು ಸಿಗುವುದಿಲ್ಲ. ಇಂಥ ಬೀಜದ ಗಂಟು ಇಲಿಯ ಬಾಯಿಗೆ ಬಿದ್ದರೆ ಆ ತಳಿಯೇ ಮುಗಿದಂತೆ.

ಮನೆಯೊಳಗಿನ ಚಿಕ್ಕ ಇಲಿ ದಿನಕ್ಕೆ ತಿನ್ನುವುದು ಸುಮಾರು 3 ಗ್ರಾಂ ಮಾತ್ರ. ಕಡಿಮೆಯೆಂದು ತೋರಬಹುದು. ಆದರೆ 3 ಗ್ರಾಂ ಸೌತೆ ಬೀಜವೆಂದರೆ ನೂರರ ಹತ್ತಿರ ಬೀಜಗಳು. ಒಂದು ಮನೆಯ ವರ್ಷದ ಬಿತ್ತನೆಗೆ ಇಟ್ಟದ್ದು ಒಂದೆರಡು ರಾತ್ರಿಯಲ್ಲಿ ಬರೀ ಸಿಪ್ಪೆಯಾಗುತ್ತದೆ. ಇದಕ್ಕೆ ಪ್ರತ್ಯೇಕವಾಗಿ ನೀರು ಕುಡಿಯಲೇಬೇಕೆಂದಿಲ್ಲ. ಮೂರು ವಾರದಲ್ಲಿ ಮರಿ ಹಾಕುತ್ತದೆ. 6 ಮಿಲಿಮೀಟರ್ ಸಂದು ಸಿಕ್ಕರೆ ನುಸುಳುತ್ತದೆ. ಉದ್ದ ಮೂತಿಯ ಮೂಗಿಲಿಯನ್ನು ಇದರೊಂದಿಗೆ ಸೇರಿಸಿ ಬಡಿಯುವವರಿದ್ದಾರೆ. ಪಾಪ, ಅದು ಮುಖ್ಯವಾಗಿ ಹುಳಹುಪ್ಪಟೆ ತಿನ್ನುವ ಪ್ರಾಣಿ.

ಹಿರಿಯರು ಸೌತೆ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟುತ್ತಿದ್ದರು, ಹೀರೆಕಾಯಿಯನ್ನು ಇಡಿಯಾಗಿ ಒಲೆಯ ಮೇಲೆ ತೂಗುಹಾಕುತ್ತಿದ್ದರು. ಹುಳು ಬಾರದಿರಲು ಇವು ಒಳ್ಳೆಯ ಉಪಾಯಗಳೇ. ಇಲಿಗೆ ಮಾತ್ರ ಅಷ್ಟು ನೆಚ್ಚುವಂತಿಲ್ಲ. ಹಗ್ಗದ ಮೇಲೆ ಇಳಿಯುವುದು ಅದಕ್ಕೆ ಕಷ್ಟವೇ ಅಲ್ಲ. ತೂಗುಹಾಕಲೇಬೇಕಿದ್ದರೆ ಹಗ್ಗದ ನಡುವೆ ಒಂದಡಿ ಅಗಲದ ತಗಡಿನ ಬಿಲ್ಲೆಯನ್ನು ಪೋಣಿಸುವುದು ಸೂಕ್ತ. ಬಟ್ಟೆಯ ಗಂಟು, ಗೋಣಿ, ಪ್ಲಾಸ್ಟಿಕ್ ಚೀಲ ಇವು ಅದರ ಹಲ್ಲಿಗೆ ಲೆಕ್ಕವಿಲ್ಲ.

ಗಾಜಿನ ಬಾಟಲಿ ಅಥವಾ ಬಿಗಿಯಾದ ಮುಚ್ಚಳದ ತಗಡಿನ ಡಬ್ಬಿಯೇ ಉತ್ತಮ. ಆದರೆ ಇಲ್ಲಿಯೇ ಅನೇಕರು ಎಡವುವುದು. ಅರೆ ಒಣಗಿದ ಬೀಜವನ್ನು ಡಬ್ಬಿಯಲ್ಲಿ ಬಿಗಿದರೆ ಇಲಿಯಿಂದ ಉಳಿದ ಬೀಜ ಬೂಷ್ಟಿನಿಂದ ಹಾಳಾಗುತ್ತದೆ. ತೇವಾಂಶ ಶೇಕಡಾ 1ರಷ್ಟು ಇಳಿದರೆ ಬೀಜದ ಆಯುಸ್ಸು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಬೀಜ ಶಾಸ್ತ್ರದ ಒಂದು ಸ್ಥೂಲ ಲೆಕ್ಕ. ಪರೀಕ್ಷೆ ಸುಲಭ: ಒಣಗಿದ ಬಾಟಲಿಯಲ್ಲಿ ಸ್ವಲ್ಪ ಬೀಜ, ಒಂದು ಚಮಚ ಹುರಿದು ಆರಿಸಿದ ಪುಡಿ ಉಪ್ಪು ಹಾಕಿ ಕುಲುಕಿ, ಹತ್ತು ನಿಮಿಷ ಬಿಡಿರಿ. ಉಪ್ಪು ಗಾಜಿಗೆ ಅಂಟಿದರೆ ಬೀಜ ಹಸಿ ಎಂದೇ ತಿಳಿಯಬೇಕು. ಅಂಟದಿದ್ದರೂ ಇನ್ನೆರಡು ದಿನ ಎಳೆಬಿಸಿಲು ತೋರಿಸಿರಿ. ಬಗ್ಗಿಸಿದ ಸೌತೆ ಬೀಜ ಬಳುಕದೆ ಚಟಕ್ಕನೆ ಮುರಿಯಬೇಕು. ಪರೀಕ್ಷಿಸಿದ ಬೀಜವನ್ನು ಡಬ್ಬಿಗೆ ಸೇರಿಸಬಾರದು.

ಈ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು. ನಮ್ಮ ಕಡೆಯ ಮಳೆಯಲ್ಲಿ ಒಣಗಿದ ಬೀಜವೂ ಗಾಳಿಯ ತೇವ ಹೀರುತ್ತದೆ. ಡಬ್ಬಿಯ ತಳಕ್ಕೆ ಬಿಸಿ ಮಾಡಿ ಆರಿಸಿದ ಇದ್ದಿಲನ್ನು ಬಟ್ಟೆಯಲ್ಲಿ ಕಟ್ಟಿ ಇಡಿರಿ. ಮುಚ್ಚಳದ ಸಂದಿಗೆ ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಪಟ್ಟಿ ಹಾಕಿದರೆ ಬಿಗಿಯಾಗಿ ಕೂರುತ್ತದೆ. ಜಡಿಮಳೆಯ ದಿನ ಸುಮ್ಮನೆ ತೆರೆದು ನೋಡುವ ಚಪಲ ಬೇಡ.

ಅಡಿಕೆ, ಕಾಫಿಯ ಬಿತ್ತನೆ ಬೀಜಕ್ಕೆ ಈ ಕ್ರಮ ಸಲ್ಲದು. ಬೀಜದಡಿಕೆ ಒಣಗಿದರೆ ಮೊಳೆಯದು. ಕಾಫಿ ಬೀಜವೂ ಕೆಲವೇ ತಿಂಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಅವನ್ನು ಹೊಸದಿರುವಾಗಲೇ ಪಾತಿಗೆ ಹಾಕಬೇಕು.

ಇನ್ನು ಇಲಿಯ ವಾಸಸ್ಥಾನ. ಅಡಿಕೆ ಸಿಪ್ಪೆಯ ರಾಶಿ, ಹಾಳೆಯ ಕಟ್ಟು, ಗೋಡೆಗೆ ಒತ್ತಿ ಪೇರಿಸಿದ ಕಾಫಿ ಮೂಟೆ ಇವೇ ಅದರ ಗೂಡು. ಮೂಟೆಗಳನ್ನು ಗೋಡೆಯಿಂದ ಒಂದು ಮೊಳ ಬಿಟ್ಟು ಹಲಗೆಯ ಮೇಲೆ ಇಡಿರಿ. ಬೋನನ್ನು ಕೋಣೆಯ ನಡುವೆ ಇಟ್ಟು ಪ್ರಯೋಜನವಿಲ್ಲ. ಇಲಿ ಗೋಡೆಯಂಚಿನಲ್ಲಿಯೇ ಓಡುತ್ತದೆ, ಗೂಡಿನಿಂದ ಹೆಚ್ಚು ದೂರ ಹೋಗುವುದಿಲ್ಲ. ಆದುದರಿಂದ ಸುಟ್ಟ ಕೊಬ್ಬರಿಯ ಚೂರು ಸಿಕ್ಕಿಸಿದ ನಾಲ್ಕಾರು ಬೋನುಗಳನ್ನು ಗೋಡೆಗೆ ತಾಗಿಸಿ ಹತ್ತಿರ ಹತ್ತಿರ ಇಡುವುದು ಫಲಕಾರಿ. ಪಾಷಾಣ ಬೇಡ; ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಅದು ಬೀಜಕ್ಕಿಂತ ದೊಡ್ಡದನ್ನು ಕಳೆಯಬಹುದು.

ಎಷ್ಟು ಜಾಗ್ರತೆ ಮಾಡಿದರೂ ಒಂದೇ ಮನೆಯಲ್ಲಿರುವ ಬೀಜ ಅಪಾಯದಲ್ಲಿಯೇ ಇರುತ್ತದೆ. ಶಿರಸಿಯ ವನಸ್ತ್ರೀ ಬಳಗದ ಹೆಂಗಸರು ಬೀಜ ಹಂಚಿಕೊಂಡೇ ಎಷ್ಟೋ ತಳಿಗಳನ್ನು ಉಳಿಸಿದ್ದಾರೆ. ಡಬ್ಬಿಯ ಮೇಲೆ ತಳಿಯ ಹೆಸರು, ವರ್ಷ ಬರೆಯುವಾಗಲೇ ಒಂದು ಹಿಡಿ ಬೀಜವನ್ನು ಬೇರೆಯಾಗಿ ಕಟ್ಟಿ ನೆರೆಮನೆಯ ಅಕ್ಕನಿಗೋ ಅತ್ತಿಗೆಗೋ ಕೊಟ್ಟಿಡಿರಿ.